ಬೇವಿನಗಿಡದ ಗೇಟಿನ ಚಾವಿ

ನಮ್ಮಣ್ಣ ರಾಜರತ್ನನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ನನಗೂ ಆಗುವುದಿಲ್ಲ. ಬೆನ್ನಿಗೆ ಬಿದ್ದ ತಂಗಿ ಅಂತ ಅನುಭವಿಸುತ್ತಿದ್ದೇನೆ ಅಷ್ಟೆ. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಕೆಳಗೆ ನಾನು ಮತ್ತು ಅವ್ವ, ಮೇಲೆ ಅವನು. ನಡುವಿನ ಮೆಟ್ಟಿಲ ಮೇಲೆ ನಿಂತು ನಾವಿಬ್ಬರೂ ಆಡಿದ ಜಗಳ ಓಣಿಗೆಲ್ಲ ಬಾಯಿಪಾಠವಾಗಿದೆ. ನೀರು ಬಿಡುವವನ ಜತೆ ಅವನ ಜಗಳ, ಪೇಪರ್ ಹಾಕುವವನ ಜತೆ ಜಗಳ, ಎದುರು ಮನೆಯವರು ಕಾರು ಒಂದಿಷ್ಟು ಈಚೆ ನಿಲ್ಲಿಸಿದರೆ ಅವರ ಜತೆ ಜಗಳ. ಸಹಕಾರ ಇಲಾಖೆಯ ಕಚೇರಿಯಲ್ಲಿ ಅವನು ಸೂಪರಿಂಟೆಂಡೆಂಟ್. ಅವನು ರಜೆ ಹಾಕಿದ ದಿನ ಅಲ್ಲಿಯವರು ಚಹಾದ ಜತೆ ಬಿಸಿ ಮಿರ್ಚಿ ತರಿಸಿ ತಿನ್ನುತ್ತಾರಂತೆ, ಅಷ್ಟು ಖುಷಿ ಅವರಿಗೆ. ಮದುವೆ ಆಗಲಿಲ್ಲ. ಎರಡು ಕಡೆ ಹೆಣ್ಣು ನೋಡಲು ಹೋಗಿದ್ದೆವು. ಎರಡೂ ಕಡೆ ಉಪ್ಪಿಟ್ಟಿನ ತಾಟು ಖಾಲಿಯಾಗುವ ಮೊದಲೇ ಹೆಣ್ಣಿನ ಅಪ್ಪನ ಜತೆ ವಾದಕ್ಕೆ ಬಿದ್ದು ಎದ್ದು ಬಂದ.

ಇಂಥವನಿಗೆ ಒಂದು ಹವ್ಯಾಸ. ಹಳೆಯ ರೈಲ್ವೆ ಗೇಟುಗಳ ಸಿಗ್ನಲ್ ಹುಡುಕಿಕೊಂಡು ಹೋಗುವುದು. ನಮ್ಮ ಕಾಲದ ಗೇಟುಗಳನ್ನು ನೋಡಿದವರಿಗೆ ನೆನಪಿರುತ್ತದೆ: ಕಬ್ಬಿಣದ ಎತ್ತರದ ಕಂಬ, ಅದರ ತುದಿಗೆ ಕೆಂಪು ಬಳಿದ ಉದ್ದನೆಯ ಕೈ. ಕೈ ಅಡ್ಡಲಾಗಿ ನಿಂತಿದ್ದರೆ ಗಾಡಿ ನಿಲ್ಲಬೇಕು, ಕೆಳಗೆ ಬಿದ್ದಿದ್ದರೆ ಬರಬಹುದು. ಈಗ ಎಲ್ಲ ಕಡೆ ಕರೆಂಟಿನ ದೀಪ ಬಂದಿದೆ. ಗೇಟುಗಳನ್ನೇ ಮುಚ್ಚಿ, ಮಳೆ ಬಂದರೆ ಕೆರೆಯಾಗುವ ಅಂಡರ್‌ಪಾಸ್ ಮಾಡುತ್ತಿದ್ದಾರೆ. ಆ ಕಂಬಗಳೆಲ್ಲ ಗುಜರಿಗೆ ಹೋಗುವ ಮೊದಲು ಒಂದೊಂದನ್ನೂ ಫೋಟೊ ತೆಗೆದು, ಟೇಪು ಹಿಡಿದು ಅಳೆದು, ಮನೆಗೆ ಬಂದು ದೊಡ್ಡ ಹಾಳೆಯ ಮೇಲೆ ಚಿತ್ರ ಬರೆದಿಡುವುದು ಇವನ ಕೆಲಸ. ಭಾನುವಾರ ಬಂತೆಂದರೆ ಸ್ಕೂಟರಿನ ಡಿಕ್ಕಿಯಲ್ಲಿ ಕ್ಯಾಮೆರಾ, ಟೇಪು, ತಂತಿಯ ಬ್ರಷ್ಷು, ಸೀಮೆಎಣ್ಣೆಯಲ್ಲಿ ಅದ್ದಿದ ಅರಿವೆ ಇಟ್ಟುಕೊಂಡು ಹೊರಡುತ್ತಾನೆ. ಅಳ್ನಾವರ, ಕುಂದಗೋಳ, ಅಣ್ಣಿಗೇರಿ, ಎಲ್ಲಿ ಒಂದು ತುಕ್ಕು ಹಿಡಿದ ಕಂಬ ಇದೆ ಅಂತ ಗೊತ್ತಾದರೂ ಸರಿ, ಅಲ್ಲಿ ಇವನು ಹಾಜರು.

ಹೋದ ಕಡೆಯಲ್ಲೆಲ್ಲ ಬೈಸಿಕೊಂಡು ಬರುತ್ತಾನೆ. ರೈಲ್ವೆಯ ಪರವಾನಗಿ ಜೇಬಿನಲ್ಲೇ ಇರುತ್ತದೆ, ಆದರೆ ತೋರಿಸು ಅಂದವರಿಗೆ ಮೊದಲು ಬೈದು ಆಮೇಲೆ ತೋರಿಸುತ್ತಾನೆ. ಅಣ್ಣಿಗೇರಿ ಕಡೆ ಒಮ್ಮೆ, ಹೊಲದ ನಡುವೆ ಟೇಪು ಹಿಡಿದು ನಿಂತಿದ್ದ ಇವನನ್ನು ಭೂಮಿ ಕಸಿಯಲು ಬಂದ ಸರ್ವೇದವನು ಅಂದುಕೊಂಡು ಜನ ಅಟ್ಟಿಸಿಕೊಂಡು ಬಂದರು. ಮೊಣಕಾಲು ಕೆತ್ತಿಸಿಕೊಂಡು ಬಂದ. ನಾನು ಅರಿಷಿಣ ಹಚ್ಚುತ್ತ, "ಇಷ್ಟಾದರೂ ಬುದ್ಧಿ ಬರವಲ್ದಲ್ಲ ನಿನಗ. ಆ ಕಂಬ ನಿನಗೇನ ಹೆಣ್ಣ ಕೊಡತಾವೇನ?" ಅಂದೆ. "ನಿನ್ನಂಥ ತಂಗಿ ಇದ್ದ ಮನಿಗೆ ಹೆಣ್ಣ ಕೊಡೂಕಿಂತ ಕಂಬ ಛಲೋ," ಅಂದ. ಅಂದವನ ಮೊಣಕಾಲಿಗೆ ಅರಿಷಿಣ ಒಂದಿಷ್ಟು ಒತ್ತಿಯೇ ಹಚ್ಚಿದೆ.

ಇದೆಲ್ಲ ಹೋಗಲಿ ಅನ್ನಬಹುದಿತ್ತು. ನನ್ನ ಸಿಟ್ಟಿಗೆ ಬೇರೆಯೇ ಕಾರಣ ಇತ್ತು. ಊರ ಮಂದಿಯ ಗೇಟು ಅಳೆದವನು ನಮ್ಮ ಗೇಟಿಗೆ ಮಾತ್ರ ಒಂದು ದಿನ ಹೋಗಲಿಲ್ಲ. ನಮ್ಮ ಅಪ್ಪ ಹುಚ್ಚಪ್ಪ ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದ. ಹುಬ್ಬಳ್ಳಿ ಧಾರವಾಡದ ನಡುವಿನ ಹಳಿಯ ಮೇಲೆ, ಜನ ಬೇವಿನಗಿಡದ ಗೇಟು ಅಂತ ಕರೆಯುವ ಜಾಗ. ಹಳಿಯ ಪಕ್ಕದ ಒಂದು ಖೋಲಿಯ ಕ್ವಾರ್ಟರ್ಸಿನಲ್ಲೇ ನಾವಿಬ್ಬರೂ ಬೆಳೆದದ್ದು. ಅದು ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋದರೆ ಒಂದು ಹಾಡು ಮುಗಿಯುವಷ್ಟು ದೂರ. ಇವನು ಆ ಕಡೆ ಕೆಲಸವಿದ್ದರೂ ಸುತ್ತು ಹಾಕಿ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದ. ಆ ಗೇಟಿನ ಹೆಸರು ಎತ್ತಿದರೆ ಎದ್ದು ಮಹಡಿ ಹತ್ತುತ್ತಿದ್ದ.

ಯಾಕೆ ಅಂತ ನನಗೆ ಅರ್ಧ ಗೊತ್ತಿತ್ತು. ಆ ದಿನ ನಾನೂ ಅಲ್ಲೇ ಇದ್ದೆ, ಅವ್ವನ ಸೆರಗು ಹಿಡಿದುಕೊಂಡು.

ಮಧ್ಯಾಹ್ನ. ಗೇಟು ಹಾಕಿತ್ತು, ಸಿಗ್ನಲ್ ಬಿದ್ದಿತ್ತು, ಧಾರವಾಡದ ಕಡೆಯಿಂದ ಗಾಡಿ ಬರುವುದಿತ್ತು. ಆಗ ಒಂದು ಜೀಪು ಬಂದು ನಿಂತಿತು. ಊರಿನ ದೊಡ್ಡ ಸಾವ್ಕಾರರ ಮಗ ಬಸವಪ್ರಭು, ಆಗಿನ್ನೂ ಮೀಸೆ ತಿರುವುವ ಹರೆಯ. ಯಾವುದೋ ಮದುವೆಯ ಅಕ್ಷತೆಗೆ ಹೊರಟಿದ್ದ, ತಡವಾಗಿತ್ತು. ಹಾರ್ನ್ ಹೊಡೆದ, ಬೈದ, ಜಾತಿ ಹಿಡಿದು ಬೈದ. ಕೊನೆಗೆ ಇಳಿದು ಬಂದ. ಅಪ್ಪ ಕೈಮುಗಿದುಕೊಂಡು ಒಂದೇ ಮಾತು ಹೇಳುತ್ತಿದ್ದ: "ಚಾವಿ ಬರೂದಿಲ್ರಿ ಸಾವ್ಕಾರ್ರ. ಸಿಗ್ನಲ್ ಬಿದ್ದೈತಿ." ಬಸವಪ್ರಭು ಕಪಾಳಕ್ಕೆ ಹೊಡೆದ. ಅಪ್ಪನ ರುಮಾಲು ರಸ್ತೆಗೆ ಬಿತ್ತು. ಮತ್ತೆ ಹೊಡೆದ. ಅಪ್ಪ ಮತ್ತೆ ಅದೇ ಮಾತು ಅಂದ. ಅಷ್ಟರಲ್ಲಿ ಗಾಡಿ ಬಂದು ಹೋಯಿತು. ಅಪ್ಪ ಗೇಟು ತೆಗೆದ. ತೆಗೆದು, ಹೊಡೆಸಿಕೊಂಡ ಕೆನ್ನೆಯಲ್ಲೇ, ಹೊರಟ ಜೀಪಿಗೆ ಸಲಾಮು ಹೊಡೆದ.

ರುಮಾಲು ಎತ್ತಿಕೊಂಡು ಬಂದು ಕೊಟ್ಟವನು ಅಣ್ಣ. ಆ ಹೊಡೆತವನ್ನು ಅವನು ಮರೆತಿರಬಹುದು, ಆ ಸಲಾಮನ್ನು ಮರೆಯಲಿಲ್ಲ. ಅವತ್ತಿನಿಂದ ಅಪ್ಪನ ಜತೆ ಸರಿಯಾಗಿ ಮಾತು ಬಿಟ್ಟ. ಅಪ್ಪ ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಒಯ್ದ, ಔಷಧ ತಂದ, ಹೆಗಲೂ ಕೊಟ್ಟ. ಮಾತು ಮಾತ್ರ ಆಡಲಿಲ್ಲ. ಅಪ್ಪ ಹಾಗೆಯೇ ಹೋದ.

ಒಂದು ದಿನ ಮೆಟ್ಟಿಲ ಮೇಲಿನ ಜಗಳದಲ್ಲಿ ನಾನು ಕೇಳಿಯೇಬಿಟ್ಟೆ. "ಮಂದಿ ಗೇಟೆಲ್ಲಾ ತಿರಗ್ತಿ. ಅಪ್ಪನ ಗೇಟಿಗೆ ಹೋಗಾಕ ಏನ ಧಾಡಿ ನಿನಗ?"

ಎಂದಿನಂತೆ ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತ. ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಗೇಟು ಹಾಕಿ ಅದರ ಚಾವಿ ತೆಗೆಯಬೇಕು. ಆ ಚಾವಿಯನ್ನು ಸಿಗ್ನಲ್ಲಿನ ಲಿವರ್ ಪಕ್ಕದ ಕಬ್ಬಿಣದ ಪೆಟ್ಟಿಗೆಗೆ ಹಾಕಿ ತಿರುಗಿಸಬೇಕು. ಆಗ ಮಾತ್ರ ಲಿವರ್ ಎಳೆಯಲು ಬರುತ್ತದೆ. ಲಿವರ್ ಎಳೆದರೆ ಕಂಬದ ಕೈ ಬೀಳುತ್ತದೆ, ಚಾವಿ ಪೆಟ್ಟಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಲಿವರ್ ಹಿಂದಕ್ಕೆ ಹಾಕಿದರೇ ಚಾವಿ ಬರುವುದು, ಚಾವಿ ಬಂದರೇ ಗೇಟು ತೆರೆಯುವುದು.

"ಅದ ಹೇಳಿದ್ನಲ್ಲ ಅಪ್ಪ," ಅಂದೆ. "ಚಾವಿ ಬರೂದಿಲ್ಲ ಅಂತ."

"ಪೆಟಗಿ ಎರಡ ನಮೂನಿ ಇರ್ತಾವ ಜಯಾ," ಅಂದ. "ಒಂದರಾಗ ಬೀಗದಂಗ ಇನ್ನೊಂದ ಕೀಲಿ ಇರತೈತಿ. ಗಾಡಿ ದಾಟೂಮಟಾ ಲಿವರ್ ಹಿಂದಕ್ಕೂ ಬರೂದಿಲ್ಲ. ಇನ್ನೊಂದರಾಗ ಹಂಗಿಲ್ಲ. ಗೇಟ್‌ಮನ್ ಮನಸ್ಸ ಮಾಡಿದ್ರ, ಗಾಡಿ ಎದುರಿಗೆ ಬರಾಕತ್ತಿದ್ರೂ, ಲಿವರ್ ದೂಡಿ ಚಾವಿ ತಗೀಬಹುದು. ಕಂಬದ ಕೈ ಏಳತೈತಿ ಖರೇ, ಓಡಿ ಬರೂ ಗಾಡಿ ಹಂಗ ನಿಂದರೂದಿಲ್ಲ. ಅಪ್ಪಂದು ಯಾ ನಮೂನಿ ಇತ್ತು ನನಗ ಗೊತ್ತಿಲ್ಲ."

"ಹೋಗಿ ನೋಡಿದ್ರ ಗೊತ್ತಾಗತೈತಲ್ಲೋ ಮಾರಾಯಾ."

"ಗೊತ್ತಾಗತೈತಿ ಅಂತನ ಹೋಗಿಲ್ಲ."

ನನಗೆ ಆಗ ಪೂರ್ತಿ ಅರ್ಥವಾಯಿತು. ಇನ್ನೊಂದು ಕೀಲಿ ಇದ್ದರೆ, ಅಪ್ಪ ಏನೂ ಮಾಡಲು ಬಾರದೆ ಹೊಡೆಸಿಕೊಂಡ, ಆಮೇಲೆ ಸಲಾಮು ಹೊಡೆದ. ಇಲ್ಲದಿದ್ದರೆ, ತೆಗೆಯಲು ಬರುತ್ತಿತ್ತು, ಗಾಡಿಯ ಮಂದಿಗಾಗಿ ತೆಗೆಯಲಿಲ್ಲ. ಅಪ್ಪ ಎಂಥವನಾಗಿದ್ದ ಅನ್ನುವುದು ಆ ತುಕ್ಕು ಹಿಡಿದ ಪೆಟ್ಟಿಗೆಯೊಳಗಿತ್ತು. ಮಂದಿಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡುವ ಧೈರ್ಯ ಇದ್ದವನಿಗೆ ಇದೊಂದನ್ನು ಬಿಚ್ಚುವ ಧೈರ್ಯ ಇರಲಿಲ್ಲ. ಅವ್ವನನ್ನು ಕೇಳಿದರೆ, "ಸತ್ತ ಮನಷ್ಯಾನ್ನ ಯಾಕ ಕೆಣಕ್ತೀರಿ, ಸುಮ್ಮ ಕುಂದರ್ರಿ," ಅನ್ನುತ್ತಿದ್ದಳು. ನಮ್ಮವ್ವ ಶೇವಂತೆವ್ವ ಒಮ್ಮೆ ಬಾಯಿ ಮುಚ್ಚಿದರೆ ಆಯಿತು, ಜಿಲ್ಲಾಧಿಕಾರಿ ಬಂದು ಕೇಳಿದರೂ ತೆರೆಯುವವಳಲ್ಲ.

ಹೀಗಿರುವಾಗ ಈ ವರ್ಷ ಯುಗಾದಿ ಆದ ಮೇಲೆ ಮನೆಯ ಮುಂದೆ ಒಂದು ದೊಡ್ಡ ಕಾರು ನಿಂತಿತು. ಇಳಿದವನು ಮೂವತ್ತರ ಆಸುಪಾಸಿನ ಹುಡುಗ, ಕೈಯಲ್ಲಿ ಡ್ರೈಫ್ರೂಟಿನ ಡಬ್ಬಿ, ಮಾತು ಬೆಣ್ಣೆ. ಸಂಕೇತ ಅಂತ ಹೆಸರು. ಫೋನಿನಲ್ಲಿ ಯಾರೋ ಕಳಿಸಿದ ಅಣ್ಣನ ಚಿತ್ರಗಳನ್ನು ನೋಡಿ ಹುಡುಕಿಕೊಂಡು ಬಂದಿದ್ದ.

"ಸರ್, ನಮ್ಮದೊಂದು ಲಾನ್ಸ್ ಐತ್ರಿ. ಮದವಿ, ರಿಸೆಪ್ಶನ್ ಎಲ್ಲಾ ಆಗತಾವ. ಬಾಜೂಕ ಹಳೇ ರೈಲ್ವೆ ಗೇಟ್ ಇತ್ತು, ಬಂದ್ ಮಾಡಿದ್ರಲ್ರಿ. ಅದರ ಸಾಮಾನೆಲ್ಲಾ ಹರಾಜಿನ್ಯಾಗ ನಾವ ತಗೊಂಡೇವ್ರಿ. ಎಂಟ್ರೆನ್ಸಿನ್ಯಾಗ ನಿಂದ್ರಸಬೇಕು, ಮಂದಿ ಫೋಟೊ ತಕ್ಕೋತಾರ. ನಿಮ್ಮಷ್ಟ ತಿಳದವ್ರು ಇಲ್ಲಂತ್ರಿ."

"ಯಾ ಗೇಟು?" ಅಂದ ಅಣ್ಣ.

"ಬೇವಿನಗಿಡದ ಗೇಟ್ರಿ."

ಒಳಗೆ ಅಡಿಕೆ ಕತ್ತರಿಸುತ್ತಿದ್ದ ಅವ್ವನ ಅಡಕೊತ್ತಿನ ಸದ್ದು ನಿಂತಿತು.

"ನಿಮ್ಮಪ್ಪಾರ ಹೆಸರೇನು?"

"ಬಸವಪ್ರಭು ಅಂತ್ರಿ. ಅಪ್ಪಾಜಿಗೆ ಹಳೇ ಸಾಮಾನಂದ್ರ ಭಾಳ ಹುಚ್ಚು."

ಈಗ ಇವನು ಆ ಹುಡುಗನ ಕತ್ತಿಗೆ ಕೈ ಹಾಕಿ ಹೊರಗೆ ದಬ್ಬುತ್ತಾನೆ ಅಂತ ನಾನು ಬಾಗಿಲು ಬಿಟ್ಟು ಸರಿದು ನಿಂತೆ. ಇವನು ನೋಡಿದರೆ, "ಕಂಬ ಒಂದ ನಿಂದ್ರಸಿದ್ರ ಅದು ಸಿಗ್ನಲ್ ಅಲ್ಲ," ಅಂದ. "ಗೇಟಿನ ಕೋಲು, ಲಿವರ್, ಪೆಟಗಿ, ಚಾವಿ ಎಲ್ಲಾ ಬೇಕು. ಎಲ್ಲಾ ನಡೀಬೇಕು. ಹಂಗಿದ್ರ ಬರ್ತೇನಿ, ಇಲ್ಲಂದ್ರ ಇಲ್ಲ." ಹುಡುಗನಿಗೆ ಖುಷಿಯೋ ಖುಷಿ. "ಎಲ್ಲಾ ಐತ್ರಿ ಸರ್, ವರ್ಕಿಂಗ್ ಇದ್ರ ಇನ್ನೂ ಛಲೋ ಆತು," ಅಂದು ಅವ್ವನ ಕಾಲಿಗೆ ಬಿದ್ದು ಹೋದ. ಗೇಟ್‌ಮನ್ ಮಕ್ಕಳ ಮನೆಗೆ ಬಂದಿದ್ದೇನೆ ಅಂತ ಪಾಪ ಅವನಿಗೇನು ಗೊತ್ತು. ಅಂಥವರ ಮನೆಯಲ್ಲಿ ಗೇಟ್‌ಮನ್ ಮಕ್ಕಳ ಹೆಸರು ಯಾರು ನೆನಪಿಡುತ್ತಾರೆ?

ಕಾರು ತಿರುವು ದಾಟಿತೋ ಇಲ್ಲವೋ ನಾನು ಶುರು ಮಾಡಿದೆ. "ಥೂ ನಿನ್ನ! ಅಪ್ಪನ ಕೆನ್ನಿಗೆ ಹೊಡದವನ ಅಂಗಳದಾಗ ಅಪ್ಪನ ಕಂಬಾ ನೀನ ಹೋಗಿ ನಿಂದ್ರಸ್ತಿ? ಮದವಿಗೆ ಬಂದ ಮಂದಿ ಅದಕ್ಕ ಆತ್ಕೊಂಡ ನಿಂತ ಫೋಟೊ ತಕ್ಕೊಳ್ಳಾಕ? ಮಾನಾ ಮರ್ಯಾದಿ ಏನರ ಐತಿಲ್ಲೋ ನಿನಗ?"

"ಪೆಟಗಿ ಅವರ ಹತ್ರ ಐತಿ ಜಯಾ," ಅಂದ ಅಣ್ಣ. "ಬಿಟ್ರ ನಾಳೆ ಗುಜರಿಗೆ ಹೋಗತೈತಿ. ಆಮ್ಯಾಲೆ ಯಾರನ್ನ ಕೇಳ್ಲಿ?"

ಆ ವಾರವೆಲ್ಲ ನಾನು ಅವನಿಗೆ ಮೇಲಕ್ಕೆ ಊಟ ಕಳಿಸಲಿಲ್ಲ. ಹೋಟೆಲ್ಲಿನ ಪೂರಿ ತಿಂದುಕೊಂಡಿದ್ದ. ಭಾನುವಾರ ಹೊರಟಾಗ ನಾನೂ ಸ್ಕೂಟರ್ ಹತ್ತಿದೆ. ಅವನ ಮೇಲಿನ ಪ್ರೀತಿಗಲ್ಲ. ಆ ಮನುಷ್ಯ ಎದುರಿಗೆ ಬಂದರೆ ಇವನು ಬೋಲ್ಟು ಬಿಚ್ಚುವ ಪಾನಾ ಎತ್ತಿ ಹೊಡೆದಾನು, ಆಮೇಲೆ ಪೊಲೀಸ್ ಠಾಣೆಗೆ ಅಲೆಯುವವಳು ನಾನೇ ತಾನೇ?

ಬಸವಪ್ರಭು ಅಲ್ಲಿರಲಿಲ್ಲ. ಲಾನ್ಸಿನ ಕಾಂಪೌಂಡಿನ ಆಚೆ ಹಳಿ, ಹಳಿಯ ಆಚೆ ಅದೇ ಬೇವಿನಗಿಡ. ನಮ್ಮ ಕ್ವಾರ್ಟರ್ಸ್ ಇದ್ದ ಜಾಗದಲ್ಲಿ ಜಾಲಿ ಬೆಳೆದಿತ್ತು. ಕಂಬ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತ್ತು. ಸಂಕೇತನ ಪೇಂಟರುಗಳು ಲಿವರಿಗೆ ಬಂಗಾರದ ಬಣ್ಣ ಬಳಿದಿದ್ದರು. ಅದನ್ನು ನೋಡಿದ್ದೇ ತಡ, ಅಣ್ಣ ಬೈದ ಬೈಗುಳಕ್ಕೆ ಒಬ್ಬ ಪೇಂಟರು ಬ್ರಷ್ಷು ಅಲ್ಲೇ ಬಿಟ್ಟು ನಡೆದ. "ಈ ಕಂಬದ ದೀಪದ ಗಾಜು ನೀಲಿ ಐತಲ್ರಿ ಸರ್, ಹಸರ ಹಾಕಸಲೇನ್ರಿ?" ಅಂತ ಸಂಕೇತ ಕೇಳಿದ. "ಒಳಗ ಚಿಮಣಿ ಹಚ್ಚಿದ್ರ ಹಳದಿ ಉರಿಗೆ ನೀಲಿ ಗಾಜು ಹಸರ ಕಾಣತೈತಿ. ಅದನ್ನ ಮುಟ್ಟಿದ್ರ ಕೈ ಮುರೀತೇನಿ," ಅಂದ ಅಣ್ಣ. ಸರ್ ಸರ್ ಅನ್ನುತ್ತಿದ್ದ ಹುಡುಗನ ಮುಖ ಸಣ್ಣದಾಯಿತು. ನನಗೆ ಅವನ ಮೇಲೆ ಕನಿಕರ ಬರಲು ನೋಡಿತು, ನಾನು ಬಿಡಲಿಲ್ಲ.

ಆಮೇಲೆ ಅಣ್ಣ ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ತುಕ್ಕಿಗೆ ಸೀಮೆಎಣ್ಣೆ ಬಿಟ್ಟ. ಬೇರೆ ಗೇಟುಗಳ ಪೆಟ್ಟಿಗೆಯನ್ನು ಇವನು ಬಿಚ್ಚುವುದು ನನಗೆ ಗೊತ್ತು, ಬೈಯುತ್ತ ಗುದ್ದುತ್ತ ಬಿಚ್ಚುತ್ತಾನೆ. ಇದರ ಬೋಲ್ಟುಗಳನ್ನು ಒಂದೊಂದಾಗಿ ಮೆಲ್ಲಗೆ ತಿರುಗಿಸಿ, ಟವೆಲ್ ಹಾಸಿ ಅದರ ಮೇಲೆ ಇಟ್ಟ. ಮುಚ್ಚಳ ತೆಗೆದ. ಬ್ಯಾಟರಿ ಹಿಡಿದು ಒಳಗೆ ನೋಡಿದ. ಬೆರಳು ಹಾಕಿ ಸುತ್ತ ಸವರಿದ. ಬಿಸಿಲು ನೆತ್ತಿಗೆ ಬಂತು, ಅವನು ಏಳಲೊಲ್ಲ.

"ಏನಾತೋ?" ಅಂದೆ.

"ಇಲ್ಲ," ಅಂದ.

"ಏನಿಲ್ಲ?"

"ಇನ್ನೊಂದ ಕೀಲಿ ಇಲ್ಲ. ಹಚ್ಚಿದ ತೂತೂ ಇಲ್ಲ. ಯಾವತ್ತೂ ಇದ್ದಿಲ್ಲ." ತಲೆ ಎತ್ತಿ ನನ್ನನ್ನು ನೋಡಿದ. "ಚಾವಿ ಬರ್ತಿತ್ತು ಜಯಾ. ಅಪ್ಪಗ ತಗ್ಯಾಕ ಬರ್ತಿತ್ತು."

ಅಷ್ಟು ಅಂದವನೇ ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಸತ್ತಾಗ ಅಳದ ಮನುಷ್ಯ ಎಣ್ಣೆಗೈಯಲ್ಲಿ ಮುಖ ಕಪ್ಪು ಮಾಡಿಕೊಂಡು ಅತ್ತ. ಸಂಕೇತ ನೀರಿನ ಬಾಟಲಿ ಹಿಡಿದು ಓಡಿ ಬಂದ, ಬಿಸಿಲಿಗೆ ತಲೆ ತಿರುಗಿತು ಅಂದುಕೊಂಡ.  ನನಗೆ ಅಪ್ಪನ ಬಗ್ಗೆ ಹೆಮ್ಮೆ ಅನಿಸಿತು. ಅದರ ಹಿಂದೆಯೇ ಅಂಥವನಿಗೆ ಹೊಡೆದವನ ಮೇಲೆ ಸಿಟ್ಟು ಬಂತು, ಇಷ್ಟು ವರ್ಷದ ಸಿಟ್ಟೆಲ್ಲ ಅದರ ಮುಂದೆ ಏನೂ ಅಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆವು. ಅವ್ವ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು.

"ಅಷ್ಟ ತಿಳಿಯಾಕ ಊರೆಲ್ಲಾ ತಿರಗಬೇಕಾತೇನಪಾ ನಿನಗ?" ಅಂದಳು.

ಅಣ್ಣ ನಿಂತಲ್ಲೇ ನಿಂತ. "ನಿನಗ ಗೊತ್ತಿತ್ತ ಯವ್ವಾ?"

"ಅವತ್ತ ಸಂಜೀಕ ಹೇಳಿದ್ದ. ತಗ್ಯಾಕ ಬರ್ತಿತ್ತು ಶೇವಂತಿ, ಗಾಡಿ ತಿರುವಿನ್ಯಾಗ ಬಂದಿತ್ತು, ತಗದಿದ್ರ ಅವನ ಜೀಪ ಹೋಗಿ ಹಳಿ ಮ್ಯಾಲ ನಿಂದರ್ತಿತ್ತು ಅಂದ."

"ಮತ್ತ ನಮಗ್ಯಾಕ ಹೇಳಲಿಲ್ಲ?" ನಾನು ಕೂಗಿಯೇ ಕೇಳಿದೆ.

"ನೀವು ಹುಡುಗ್ರು. ಸಾಲ್ಯಾಗ ಬಾಯಿ ಬಿಟ್ಟ ಹೇಳ್ತಿದ್ರಿ. ಬರೂದಿಲ್ಲ ಅಂದಿದ್ದಕ್ಕ ಬರೇ ಕೆನ್ನಿಗೆ ಹೊಡದ. ಬರತೈತಿ, ತಗೆಯೂದಿಲ್ಲ ಅಂದಾನ ಅಂತ ಗೊತ್ತಾಗಿದ್ರ ಆ ಮಂದಿ ಅವನ್ನ ಜೀವಸಹಿತ ಬಿಡತಿದ್ರೇನ? ಆ ಸಲಾಮೂ ಅದಕ್ಕ ಹೊಡದದ್ದು. ನೀವು ಹೊಟ್ಟ್ಯಾಗ ಇಟ್ಕೊಂಡ ಕುಂತ್ರಿ, ಅವಾ ನಿಮ್ಮನ್ನ ಉಳಿಸಿಕೊಂಡ." ಎಲೆ ಮಡಿಚಿ ಬಾಯಿಗೆ ಹಾಕಿಕೊಂಡಳು. "ಆಮ್ಯಾಲ ಹೇಳೂಣಂದ್ರ ನೀ ಅವನ ಜೋಡಿ ಮಾತ ಬಿಟ್ಟಿದ್ದಿ. ಮಗಾ ಕೇಳಿದ್ರ ಹೇಳ್ತೇನಿ ಅಂತಿದ್ದ. ನೀ ಕೇಳಲಿಲ್ಲ."

ಅಣ್ಣ ಮೆಲ್ಲಗೆ ಮಹಡಿ ಹತ್ತಿದ. ಆ ದಿನ ಮೆಟ್ಟಿಲ ಮೇಲೆ ನಮ್ಮ ಜಗಳ ಆಗಲಿಲ್ಲ. ಎದುರು ಮನೆಯವರು ಎರಡು ಸಲ ಬಾಗಿಲಿಗೆ ಬಂದು ನೋಡಿಹೋದರು.

ಅವನು ಲಾನ್ಸಿನ ಕೆಲಸ ಬಿಟ್ಟುಬಿಡುತ್ತಾನೆ ಅಂದುಕೊಂಡಿದ್ದೆ. ಬಿಡಲಿಲ್ಲ. ಕಚೇರಿಗೆ ರಜೆ ಹಾಕಿ ಹೋದ. ಬಂಗಾರದ ಬಣ್ಣ ಕೆರೆದ. ಕಂಬ ನಿಲ್ಲಿಸಿದ, ಹಳಿಯ ಮೇಲೆ ಬರುವ ಡ್ರೈವರುಗಳು ನಿಜವಾದ ಸಿಗ್ನಲ್ ಅಂದುಕೊಳ್ಳಬಾರದು ಅಂತ ಬೆನ್ನು ಆ ಕಡೆಗೆ ಮಾಡಿ, ಗಿಡ್ಡ ಗೋಡೆಯ ಈಚೆ ನಿಲ್ಲಿಸಿದ. ಲಾನ್ಸಿನ ಬಾಗಿಲಿಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟೆಯ ಗೇಟಿನ ಕೋಲು ಕೂರಿಸಿದ, ಚಾವಿ ಹಾಕಿ ತೆಗೆದು ಹಾಕಿ ತೆಗೆದು ಎಣ್ಣೆ ಬಿಟ್ಟ. ಸಂಕೇತನಿಗೂ ಎಲ್ಲ ತೋರಿಸಿಕೊಟ್ಟ. ಉದ್ಘಾಟನೆಗೆ ದಿನ ಗೊತ್ತಾಯಿತು. "ಅಪ್ಪಾಜಿ ಲಿವರ್ ಎಳೀತಾರ್ರಿ ಸರ್," ಅಂದ ಸಂಕೇತ. "ಲಿವರ್ ಎಳೆಯೂದು ಗೇಟ್‌ಮನ್ ಕೆಲಸ. ನಿಮ್ಮ ಅಪ್ಪಾಜಿ ರಿಬ್ಬನ್ ಕತ್ತರಿಸಲಿ," ಅಂದ ಅಣ್ಣ.

"ನಾನೂ ಬರ್ತೇನಿ," ಅಂದಳು ಅವ್ವ. ಮದುವೆ ಮುಂಜಿಗೂ ಹೊರಗೆ ಬರದವಳು ಇಳಕಲ್ ಸೀರೆ ತೆಗೆಸಿದಳು.

ಬೆಳಗಿನ ಮುಹೂರ್ತ. ಒಳಗೆ ಕುರ್ಚಿಗಳ ತುಂಬ ಜನ, ಬ್ಯಾಂಕಿನವರು, ಬಿಲ್ಡರುಗಳು, ಬೀಗರು. ಶರಬತ್ತಿನ ಟ್ರೇ ಹಿಡಿದು ಹುಡುಗರು ಓಡಾಡುತ್ತಿದ್ದರು. ಸಂಕೇತ ನಮ್ಮ ಅವ್ವನಿಗೆ ಗೇಟಿನ ಹತ್ತಿರವೇ, ನೆರಳಿನಲ್ಲಿ ಕುರ್ಚಿ ಹಾಕಿಸಿದ. ಬಸವಪ್ರಭು ಇನ್ನೂ ಬಂದಿರಲಿಲ್ಲ, ತಡವಾಗಿತ್ತು. ಅಣ್ಣ ಬಿಳಿ ಅಂಗಿ ಹಾಕಿಕೊಂಡು ಲಿವರ್ ಪಕ್ಕ ನಿಂತಿದ್ದ. ರಸ್ತೆಯ ತಿರುವಿನಲ್ಲಿ ಬಸವಪ್ರಭುವಿನ ಬಿಳಿ ಕಾರು ಕಾಣಿಸಿತು. ಅತ್ತ ದೂರದಲ್ಲಿ ರೈಲಿನ ಸಿಳ್ಳೆಯೂ ಕೇಳಿತು. ಅಣ್ಣ ಗೇಟು ಇಳಿಸಿದ, ಚಾವಿ ತೆಗೆದ, ಪೆಟ್ಟಿಗೆಗೆ ಹಾಕಿ ತಿರುಗಿಸಿದ, ಲಿವರ್ ಎಳೆದ. ಕಂಬದ ಕೈ ಬಿತ್ತು. ಜನ ಚಪ್ಪಾಳೆ ತಟ್ಟಿದರು, ಕಾರ್ಯಕ್ರಮ ಶುರುವಾಯಿತು ಅಂದುಕೊಂಡು. ಬೇಕಂತಲೇ ಮಾಡಿದನೇ? ಬೇಕಂತಲೇ ಮಾಡಿದ. ನಾನ್ಯಾಕೆ ಸುಳ್ಳು ಹೇಳಲಿ.

ಕಾರು ಗೇಟಿಗೆ ಬಂದು ನಿಂತು ಹಾರ್ನ್ ಹೊಡೆಯಿತು. ಮತ್ತೆ ಹೊಡೆಯಿತು. ಹಿಂದಿನ ಗಾಜು ಇಳಿಯಿತು.

"ಏ, ತಗೀಲೇ ಗೇಟ! ಮುಹೂರ್ತ ಮೀರಾಕತ್ತೈತಿ!"

ಅದೇ ದನಿ. ಮುದಿಯಾಗಿತ್ತು, ಆದರೆ ಅದೇ. ನನಗರಿವಿಲ್ಲದೆ ಅವ್ವನ ಸೆರಗು ಹಿಡಿದಿದ್ದೆ.

ಅಣ್ಣ ಕೈಮುಗಿದ. "ಚಾವಿ ಬರೂದಿಲ್ರಿ ಸಾವ್ಕಾರ್ರ," ಅಂದ. "ಸಿಗ್ನಲ್ ಬಿದ್ದೈತಿ."

ಬಸವಪ್ರಭು ಬಾ‌ಗಿಲು ತೆಗೆದು ಇಳಿದ. ರೇಶಿಮೆ ಶಲ್ಯ, ಕೈಯಲ್ಲಿ ಊರುಗೋಲು. ಬೈಯಲು ಬಾಯಿ ತೆರೆದುಕೊಂಡೇ ಗೇಟಿನ ಕೋಲಿನವರೆಗೆ ಬಂದವನು ಅಲ್ಲಿ ನಿಂತ. ಅಣ್ಣನ ಮುಖ ನೋಡಿದ, ಮುಗಿದ ಕೈ ನೋಡಿದ, ಗೋಡೆಯಾಚೆಯ ಬೇವಿನಗಿಡ ನೋಡಿದ. ಮರೆತಿದ್ದಾನೆ ಅಂದುಕೊಂಡಿದ್ದೆ ನಾನು. ಮರೆತಿರಲಿಲ್ಲ.

"ಯಾರ ಮಗಾ ನೀ?" ಅಂದ.

"ಹುಚ್ಚಪ್ಪಂದು."

ಸಂಕೇತ ಓಡಿ ಬಂದ. ಅವನಿಗೆ ಏನೂ ತಿಳಿಯದು, ನಗುತ್ತಲೇ ಇದ್ದ. "ಸರ್, ಲಿವರ್ ಹಿಂದಕ ದೂಡಿದ್ರ ಚಾವಿ ಬರತೈತಿ ಅಂತ ನೀವ ತೋರಿಸಿದ್ರೆಲ್ರಿ? ದೂಡ್ರಿ ಸರ್, ಅಪ್ಪಾಜಿ ಬಿಸಲಾಗ ನಿಂತಾರ."

"ಬರತೈತಿ," ಅಂದ ಅಣ್ಣ, ಸಂಕೇತನಿಗಲ್ಲ, ಗೇಟಿನಾಚೆ ನಿಂತವನಿಗೆ. ಮುಗಿದ ಕೈ ಕೆಳಗಿಳಿಸಿದ. "ಕೇಳಿದ್ರಿಲ್ಲ ಸಾವ್ಕಾರ್ರ? ಚಾವಿ ಬರತೈತಿ. ಅವತ್ತೂ ಬರ್ತಿತ್ತು. ನಮ್ಮಪ್ಪಗ ತಗ್ಯಾಕ ಬರ್ತಿತ್ತು, ತಗೀಲಿಲ್ಲ. ನೀವು ಹೊಡದ್ರೂ ತಗೀಲಿಲ್ಲ. ತಗದಿದ್ರ ಗಾಡಿ ಮುಂದ ಹಳಿ ಮ್ಯಾಲ ಇರ್ತಿದ್ದು ನಿಮ್ಮ ಜೀಪು. ಅಕ್ಷತಿ ಹೋಗ್ಲಿ, ಈ ಮಗನೂ ಇರ್ತಿದ್ದಿಲ್ಲ ನಿಮಗ."

ಕುರ್ಚಿಯ ಜನ ಗೇಟಿನ ಕಡೆ ತಿರುಗಿದರು. ಶರಬತ್ತಿನ ಹುಡುಗರೂ ನಿಂತರು. ಸಂಕೇತನ ನಗು ಹೋಗಿ, ಅವನು ಒಮ್ಮೆ ಅಪ್ಪನ ಮುಖ ಒಮ್ಮೆ ಅಣ್ಣನ ಮುಖ ನೋಡುತ್ತಿದ್ದ. "ಅಪ್ಪಾಜಿ, ಯಾರಿಗ ಹೊಡದಿದ್ರಿ?" ಅಂದ. ಬಸವಪ್ರಭು ಮಗನನ್ನು ಬಿಟ್ಟು ಅಣ್ಣನ ಕಡೆ ತಿರುಗಿದ. "ಮಂದಿ ಮುಂದ ಮಾನ ಕಳಿಯಾಕ ಬಂದೀ ಏನಲೇ?" ಅಂದ ಅಣ್ಣನಿಗೆ. ಅಂದ ದನಿಯಲ್ಲಿ ಜೋರಿರಲಿಲ್ಲ.  ನನಗೆ ಕನಿಕರ ಬರಲಿಲ್ಲ, ಬರಬೇಕಾಗಿತ್ತು ಅಂತ ಈಗಲೂ ಅನಿಸುವುದಿಲ್ಲ.

"ದೂಡ ಅದನ್ನ," ಅಂದ ಬಸವಪ್ರಭು.

"ಗಾಡಿ ಬರಾಕತ್ತೈತಿ," ಅಂದ ಅಣ್ಣ. "ತಗೆಯೂದಿಲ್ಲ."

ಅಷ್ಟರಲ್ಲಿ ಗೋಡೆಯಾಚೆ ಗಾಡಿ ಬಂತು. ಮಾತು ಕೇಳದಷ್ಟು ಸದ್ದು. ಶಾಮಿಯಾನ ಅಲುಗಾಡಿತು. ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು, ಕಿಟಕಿಗಳಲ್ಲಿ ಜನ, ಬಾಗಿಲಲ್ಲಿ ಕೂತ ಹುಡುಗರು, ಯಾರೋ ಒಬ್ಬಳು ಕೂಸಿಗೆ ಹೊರಗೆ ತೋರಿಸುತ್ತಿದ್ದಳು. ಬಸವಪ್ರಭು ಬಿಸಿಲಿನಲ್ಲಿ, ತನ್ನದೇ ಬಾಗಿಲಿನ ಹೊರಗೆ, ಗೇಟಿನ ಕೋಲಿನ ಮೇಲೆ ಕೈ ಊರಿ ನಿಂತು ಆ ಡಬ್ಬಿಗಳನ್ನೆಲ್ಲ ನೋಡಿದ. ನೋಡದೆ ಬೇರೆ ದಾರಿ ಇರಲಿಲ್ಲ.

ಸದ್ದು ಅಡಗಿದ ಮೇಲೂ ಅಣ್ಣ ಅಲುಗಲಿಲ್ಲ. ಅವ್ವನೇ ಕುರ್ಚಿಯಿಂದ ಮಾತಾಡಿದಳು. ಎಲೆ ಅಡಿಕೆ ಒಂದು ಕಡೆ ಸರಿಸಿಕೊಂಡು, ನಮ್ಮ ಕ್ವಾರ್ಟರ್ಸಿನ ಬಾಗಿಲಲ್ಲಿ ಕೂತು ಅಪ್ಪನಿಗೆ ದಿನಾ ಹೇಳುತ್ತಿದ್ದ ಹಾಗೆಯೇ ಹೇಳಿದಳು.

"ಗಾಡಿ ಹೋತು. ಇನ್ನ ತಗೀಪಾ."

ಅಣ್ಣ ಲಿವರ್ ಹಿಂದಕ್ಕೆ ಹಾಕಿದ, ಕಂಬದ ಕೈ ಎದ್ದಿತು. ಚಾವಿ ತೆಗೆದ, ಗೇಟು ಎತ್ತಿದ. ಬಸವಪ್ರಭು ಅವನ ಪಕ್ಕದಲ್ಲೇ ಹಾದು ಒಳಗೆ ನಡೆದ. ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತಿದ್ದ. ಸಲಾಮು ಹೊಡೆಯಲಿಲ್ಲ.